ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಪೂರ್ಣಪದ ಹೊಂದಿಕೆ

'''ಪೂರ್ಣಪದ ಹೊಂದಿಕೆ''' ಎಂದರೆ ಪಠ್ಯದಲ್ಲಿ ಒಂದು ಪದವನ್ನು ಬೇರೊಂದು ಪದದ ಭಾಗವಾಗಿ ಅಲ್ಲದೆ ಸ್ವತಂತ್ರ ಪದವಾಗಿ ಮಾತ್ರ ಹುಡುಕುವ ವಿಧಾನ. '''ರೆಗ್ಯುಲರ್ ಎಕ್ಸ್‌ಪ್ರೆಶನ್''' (ಸಂಕ್ಷಿಪ್ತವಾಗಿ ರೆಜೆಕ್ಸ್) ಎಂಬುದು ಹುಡುಕಬೇಕಾದ ಅಕ್ಷರವಿನ್ಯಾಸವನ್ನು ವಿವರಿಸುವ ಸೂತ್ರ. ಇದರ ಗಣಿತೀಯ ತಳಹದಿಯನ್ನು 1950ರ ದಶಕದಲ್ಲಿ ಸ್ಟೀಫನ್ ಕ್ಲೀನಿ ಹಾಕಿದರು. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಪಠ್ಯಶೋಧನೆಗೆ ಅಳವಡಿಸುವ ಕ್ರಮವನ್ನು ಪ್ರಕಟಿಸಿದರು.

== ಅಗತ್ಯ ==
"ಭೂತ" ಎಂದು ಸಾಮಾನ್ಯವಾಗಿ ಹುಡುಕಿದರೆ ವಿಜಯಪುರದ ಬಳಿಯ ಭೂತನಾಳ, ವ್ಯಾಕರಣದ ಭೂತಕಾಲ, ಅಭೂತಪೂರ್ವ ಎಲ್ಲವೂ ದೊರೆಯುತ್ತವೆ. ಇದನ್ನು ತಪ್ಪಿಸಲು ರೆಜೆಕ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು ಸಣ್ಣ "ಬಿ" ಸೇರಿದ ಪದಸೀಮೆಯ ಚಿಹ್ನೆಯನ್ನು ಪದದ ಎರಡೂ ಬದಿಗೆ ಇಡುವುದು ರೂಢಿ. ಪದಾಕ್ಷರವೂ ಪದಾಕ್ಷರವಲ್ಲದ್ದೂ ಸಂಧಿಸುವ ಸ್ಥಾನವೇ ಪದಸೀಮೆ.

== ಕನ್ನಡದಲ್ಲಿ ತೊಡಕು ==
ಯುನಿಕೋಡ್‌ನಲ್ಲಿ "ಕೆರೆ" ಎಂಬುದು ಕ, ೆ, ರ, ೆ ಎಂಬ ನಾಲ್ಕು ಸಂಕೇತಗಳು. ಪೈಥಾನ್ 3ರ ಅಂತರ್ಗತ ರೆಜೆಕ್ಸ್ ಮಾಡ್ಯೂಲ್ ಸ್ವರಚಿಹ್ನೆಗಳನ್ನೂ ವಿರಾಮವನ್ನೂ (್) ಪದಾಕ್ಷರಗಳೆಂದು ಪರಿಗಣಿಸುವುದಿಲ್ಲ. ಆದ್ದರಿಂದ "ಭೂತನಾಳ ಕೆರೆ ತುಂಬಿತು. ಕೆರೆಯ ನೀರು ಹರಿಯಿತು." ಎಂಬಲ್ಲಿ ಫಲಿತಾಂಶ ತಿರುಗುಮುರುಗಾಗುತ್ತದೆ: ಮೊದಲ "ಕೆರೆ"ಯ ಕೊನೆಯ ೆ ಮತ್ತು ಖಾಲಿ ಜಾಗ ಎರಡೂ ಪದಾಕ್ಷರಗಳಲ್ಲವಾದ್ದರಿಂದ ಅಲ್ಲಿ ಸೀಮೆಯಿಲ್ಲ, "ಕೆರೆಯ" ಎಂಬಲ್ಲಿ ೆ ಮತ್ತು ಯ ನಡುವೆ ಸೀಮೆ ಕಾಣುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಈ ಚಿಹ್ನೆಗೆ ಮೂಲ ಲ್ಯಾಟಿನ್ ಅಕ್ಷರ, ಅಂಕಿ ಹಾಗೂ ಅಡಿಗೆರೆ ಮಾತ್ರ ಪದಾಕ್ಷರಗಳು.

== ಪರಿಹಾರ ==
ಹಿಂದೆ ಅಥವಾ ಮುಂದೆ ಕನ್ನಡ ಸಂಕೇತ ಇರಬಾರದೆಂದು ನೇರವಾಗಿ ವಿಧಿಸಬಹುದು:

: (?<![ಀ-ೲ])ಕೆರೆ(?![ಀ-ೲ])

ಮೇಲಿನ ವಾಕ್ಯಗಳಲ್ಲಿ ಇದು ಮೊದಲ "ಕೆರೆ"ಯನ್ನು ಮಾತ್ರ ಹಿಡಿಯುತ್ತದೆ. ವಿಭಕ್ತಿರೂಪಗಳೂ ಬೇಕಿದ್ದರೆ:

: (?<![ಀ-ೲ])ಕೆರೆ(ಯ|ಗೆ|ಯನ್ನು|ಯಲ್ಲಿ)?(?![ಀ-ೲ])

ಪದಮಧ್ಯದಲ್ಲಿ ಬರುವ ಅಗೋಚರ ಶೂನ್ಯವಿಸ್ತಾರದ ಸಂಕೇತಗಳು ಈ ವ್ಯಾಪ್ತಿಗೆ ಹೊರಗಿರುವುದರಿಂದ ಅವನ್ನು ಪ್ರತ್ಯೇಕವಾಗಿ ಸೇರಿಸಬೇಕು. ಯುನಿಕೋಡ್ ತಾಂತ್ರಿಕ ಮಾನದಂಡ 18 ಸ್ವರಚಿಹ್ನೆಗಳನ್ನೂ ಈ ಸಂಕೇತಗಳನ್ನೂ ಪದಾಕ್ಷರಗಳೆಂದೇ ಎಣಿಸುತ್ತದೆ. ಅದನ್ನು ಅನುಸರಿಸುವ ತಂತ್ರಾಂಶಗಳಲ್ಲಿ ಈ ತೊಡಕು ಉಂಟಾಗದು.

== ಮಿತಿ ==
2014ರ ನವೆಂಬರ್ 1ರಂದು ಬಿಜಾಪುರದ ಹೆಸರು ಅಧಿಕೃತವಾಗಿ ವಿಜಯಪುರವಾಯಿತು. ಹಳೆಯ ಪಠ್ಯಗಳಲ್ಲಿ ಈ ಹೆಸರನ್ನು ಬದಲಿಸುವಾಗ ಪೂರ್ಣಪದವನ್ನಷ್ಟೇ ಹುಡುಕಿದರೆ "ಬಿಜಾಪುರದ", "ಬಿಜಾಪುರಕ್ಕೆ" ಉಳಿದುಬಿಡುತ್ತವೆ. ಎಲ್ಲೆಡೆ ಬದಲಿಸಿದರೆ ಛತ್ತೀಸ್‌ಗಢದ ಬಿಜಾಪುರವೂ ವಿಜಯಪುರವಾಗುತ್ತದೆ. ರೆಜೆಕ್ಸ್ ರೂಪವನ್ನು ಗುರುತಿಸುತ್ತದೆಯೇ ಹೊರತು ಅರ್ಥವನ್ನಲ್ಲ. ಆದ್ದರಿಂದ ಬದಲಾವಣೆಯನ್ನು ಉಳಿಸುವ ಮುನ್ನ ಪ್ರತಿಯೊಂದು ಹೊಂದಿಕೆಯನ್ನೂ ಓದಿ ಪರಿಶೀಲಿಸುವುದು ಅವಶ್ಯಕ.