ಕರುಳಿನ ಬ್ಯಾನಿಗೆ ಗುಳಿಗೆ ಉಂಟು, ಬಸ್ಸಿನ ಹಾದಿಗೆ ಮದ್ದೇನು?

ಬೈಲಹೊಂಗಲ: ಬೆಳಗಿನ ಬಸ್ಸಿಗೆ ಹೊರಟವರು ಸಾಮಾನ್ಯವಾಗಿ ಕೇಳುವುದು ಎರಡೇ ಮಾತು. ಬಸ್ಸು ಎಷ್ಟಕ್ಕೈತಿ? ಸೀಟು ಸಿಗತೈತೋ ಇಲ್ಲೋ? ಮೂರನೆಯ ಮಾತೊಂದನ್ನು ಬಾಯಿಬಿಟ್ಟು ಕೇಳಲಾರದೆ ನುಂಗಿಕೊಂಡು ನಿಂತವರೂ ಅದೇ ಗುಂಪಿನಲ್ಲಿ ಇರಬಹುದು: ನಡುಹಾದಿಯಲ್ಲಿ ಸಂಡಾಸ ಎಲ್ಲೈತಿ?

ಇವರು ಕರುಳಿನ ಉರಿಯೂತದ ರೋಗಿಗಳು. ವೈದ್ಯರ ಚೀಟಿಯಲ್ಲಿ ಇದಕ್ಕೆ ಐ.ಬಿ.ಡಿ. ಎಂಬ ಮೂರಕ್ಷರದ ಹೆಸರು. ಮುಖ್ಯವಾಗಿ ಎರಡು ಬಗೆ. ಒಂದು ಅಲ್ಸರೇಟಿವ್ ಕೊಲೈಟಿಸ್. ಇದರಲ್ಲಿ ದೊಡ್ಡ ಕರುಳಿನ ಒಳಪದರು ಗುದದ ಬಳಿಯಿಂದ ಮೇಲಕ್ಕೆ ಬಾತು ಹುಣ್ಣಾಗುತ್ತದೆ. ಇನ್ನೊಂದು ಕ್ರೋನ್ಸ್. ಇದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಹೆಚ್ಚಾಗಿ ಸಣ್ಣ ಕರುಳಿನ ಕೊನೆಯಲ್ಲಿ ಕಾಣಿಸಿ, ಗೋಡೆಯ ಆಳಕ್ಕೆ ಇಳಿಯುತ್ತದೆ. 1932ರಲ್ಲಿ ನ್ಯೂಯಾರ್ಕಿನ ಡಾ. ಬರಿಲ್ ಕ್ರೋನ್ ಮತ್ತು ಇಬ್ಬರು ಸಂಗಡಿಗರು ಇದನ್ನು ವಿವರಿಸಿ ಬರೆದದ್ದರಿಂದ ಆ ಹೆಸರು. ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾ ಪಡೆಯೇ ಕರುಳಿನ ಮೇಲೆ ತಿರುಗಿ ಬಿದ್ದಾಗ ಹೀಗಾಗುತ್ತದೆ. ಇದು ಅಂಟುರೋಗವಲ್ಲ. ಖಾರ ತಿಂದದ್ದರಿಂದ ಬಂದದ್ದಲ್ಲ. ಯಾರ ಶಾಪವೂ ಅಲ್ಲ.

ಇದು ಪರದೇಶದ ಶ್ರೀಮಂತರ ರೋಗ ಎಂಬ ಮಾತೂ ಹಳೆಯದಾಯಿತು. 2017ರ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 68 ಲಕ್ಷ ಜನರಿಗೆ ಈ ಬ್ಯಾನಿ ಇತ್ತು. ಪಂಜಾಬಿನಲ್ಲಿ ಮನೆ ಮನೆ ತಿರುಗಿ ನಡೆಸಿದ, 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಕೊಲೈಟಿಸ್ ಒಂದೇ ಲಕ್ಷಕ್ಕೆ 44ರಷ್ಟು ಕಂಡುಬಂತು. ನಮ್ಮ ನಾಲ್ಕು ತಾಲೂಕುಗಳ ಜನರನ್ನೂ ಲಕ್ಷದಲ್ಲೇ ಎಣಿಸಬೇಕು ಎಂಬುದು ಗಮನಿಸತಕ್ಕ ಸಂಗತಿ.

‘ಮೂಲವ್ಯಾಧಿ ಬಿಡ್ರೀ’

ರೋಗಿಯ ಮೊದಲ ಶತ್ರು ನಾಚಿಕೆ. ಮಲದಲ್ಲಿ ರಕ್ತ ಕಂಡರೆ ಮನೆಯವರಿಗೂ ಹೇಳುವುದಿಲ್ಲ. ಹೇಳಿದರೆ ಸಿಗುವ ಉತ್ತರ ಸಿದ್ಧವೇ ಇದೆ: ‘ಮೂಲವ್ಯಾಧಿ ಬಿಡ್ರೀ, ಉಷ್ಣ ಆಗೈತಿ, ಮಜ್ಜಿಗಿ ಕುಡೀರಿ.’ ಇಲ್ಲವೇ ಆಮಶಂಕೆ ಎಂದು ಔಷಧಿ ಅಂಗಡಿಯಲ್ಲಿ ನಾಲ್ಕು ಗುಳಿಗೆ. ನಾಲ್ಕು ದಿನ ನಿಂತಂತೆ ಅನ್ನಿಸಿ ಮತ್ತೆ ಶುರು. ಹೀಗೇ ವರ್ಷ ಕಳೆಯುತ್ತದೆ. ಅಷ್ಟರಲ್ಲಿ ರಕ್ತಹೀನತೆ ಬಂದು, ಮೈಯಿಳಿದು, ಮುಖ ಬಿಳಿಚಿಕೊಂಡಿರುತ್ತದೆ. ಹೆಚ್ಚಾಗಿ 15ರಿಂದ 35ರೊಳಗಿನ ವಯಸ್ಸಿನಲ್ಲಿ ಶುರುವಾಗುವ ರೋಗವಿದು. ಓದುವ, ದುಡಿಯುವ, ಮದುವೆಯ ವಯಸ್ಸು!

ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ ಅಥವಾ ಲೋಳೆ, ನಡುರಾತ್ರಿ ಎಬ್ಬಿಸುವ ಅವಸರ, ಕಾರಣವಿಲ್ಲದೆ ಮೈಯಿಳಿಯುವುದು: ಇಷ್ಟರಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಕರುಳಿನ ಕ್ಷಯಕ್ಕೂ ಕ್ರೋನ್ಸ್‌ಗೂ ಅಣ್ಣತಮ್ಮರಷ್ಟು ಹೋಲಿಕೆ ಇದೆ. ಕ್ಷಯಕ್ಕೆ ಕ್ರೋನ್ಸ್ ಎಂದು ತಿಳಿದು ಬರಿಯ ಸ್ಟಿರಾಯ್ಡ್ ಕೊಟ್ಟರೆ ಕ್ಷಯ ಉಲ್ಬಣಿಸುತ್ತದೆ. ಅದಕ್ಕೇ ಊಹೆಯ ಮೇಲೆ ಗುಳಿಗೆ ನುಂಗುವ ರೋಗ ಇದಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ

ರೋಗ ಗೊತ್ತಾಗಬೇಕಾದರೆ ಕೊಲೊನೋಸ್ಕೋಪಿ ಆಗಬೇಕು. ಗುದದ್ವಾರದಿಂದ ದುರ್ಬೀನಿನ ನಳಿಕೆ ಹಾಯಿಸಿ ಕರುಳನ್ನು ಕಣ್ಣಾರೆ ಕಂಡು, ಚೂರು ತುಣುಕು ತೆಗೆದು ಪರೀಕ್ಷಿಸುತ್ತಾರೆ. ಇದಕ್ಕೆ ಈ ಕಡೆಯ ಜನ ನಂಬಿರುವುದು ಬೆಳಗಾವಿಯ ಕೆ.ಎಲ್.ಇ. ಆಸ್ಪತ್ರೆ, ಧಾರವಾಡದ ಎಸ್.ಡಿ.ಎಂ., ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ, ಇಂಥ ದೊಡ್ಡ ಆಸ್ಪತ್ರೆಗಳನ್ನೇ.

ಕಿತ್ತೂರಿನವರಿಗೆ ಹೆದ್ದಾರಿ ಬಾಗಿಲಲ್ಲೇ ಇದೆ. ಸವದತ್ತಿಯಿಂದ ಧಾರವಾಡಕ್ಕೆ ಸುಮಾರು 40 ಕಿಲೋಮೀಟರ್. ರಾಮದುರ್ಗದವರ ಪಾಡು ಬೇರೆ: ಬೆಳಗಾವಿ ಸುಮಾರು 100 ಕಿಲೋಮೀಟರ್, ಊರಿಗೆ ರೈಲೂ ಇಲ್ಲ. ಕೊಲೊನೋಸ್ಕೋಪಿಗೆ ಮುನ್ನ ಭೇದಿಯ ಔಷಧಿ ಕುಡಿದು ಕರುಳನ್ನು ಪೂರ್ತಿ ತೊಳೆದುಕೊಳ್ಳಬೇಕು. ಅದನ್ನು ಕುಡಿದವನು ಬಸ್ಸು ಹತ್ತುವುದುಂಟೇ? ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯಬೇಕು. ಎರಡು ದಿನದ ದುಡಿಮೆ ಹೋಯಿತು, ಜೊತೆಗೆ ಬಂದವನದೂ ಹೋಯಿತು.

ಬರಿಯ ತಪಾಸಣೆಗೆ ಹೋಗುವುದೂ ಸುಲಭವಲ್ಲ. ರೋಗ ಕೆರಳಿದಾಗ ಅವಸರ ಬಂತೆಂದರೆ ಎರಡು ನಿಮಿಷದ ಸಾವಕಾಶವೂ ಇರುವುದಿಲ್ಲ. ಹೀಗಾಗಿ ಹಿಂದಿನ ರಾತ್ರಿಯಿಂದಲೇ ಅನ್ನ ನೀರು ಬಿಟ್ಟು ಪ್ರಯಾಣ ಮಾಡುವವರಿದ್ದಾರೆ. ಮೊದಲೇ ಸೊರಗಿದ ಮೈಗೆ ಇದು ಇನ್ನೊಂದು ಪೆಟ್ಟು. ಗಂಡಸರು ಹೇಗಾದರೂ ಹೊಲದ ಬದು ಹುಡುಕಿಯಾರು, ಹೆಣ್ಣುಮಕ್ಕಳು ಏನು ಮಾಡಬೇಕು? 2023ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟಿನ ಚಿಂತೆ ತಪ್ಪಿತು, ಸಂಡಾಸದ ಚಿಂತೆ ತಪ್ಪಲಿಲ್ಲ.

ಆರಾಮಾದ ಮೇಲೆ ಗುಳಿಗೆ ಯಾಕೆ?

ಈ ರೋಗ ಬುಡಸಮೇತ ಹೋಗುವುದಿಲ್ಲ, ಆದರೆ ಹದ್ದುಬಸ್ತಿನಲ್ಲಿ ಇರುತ್ತದೆ. ಮೆಸಲಮೈನ್, ಅಜಾಥಯೋಪ್ರಿನ್ ಮೊದಲಾದ ಗುಳಿಗೆಗಳಿವೆ, ದುಬಾರಿ ಇಂಜೆಕ್ಷನ್‌ಗಳೂ ಇವೆ. ಒಳ್ಳೆಯ ಕಾಲ ವರ್ಷಗಟ್ಟಲೆ ನಡೆಯಬಹುದು. ಎಡವುವುದು ಇಲ್ಲೇ. ‘ಈಗ ಆರಾಮ ಅದೀನಿ, ಗುಳಿಗೆ ಯಾಕ?’ ಎಂದು ಬಿಟ್ಟವರಲ್ಲಿ ಬಹಳ ಜನ ಮತ್ತೆ ಹಾಸಿಗೆ ಹಿಡಿಯುತ್ತಾರೆ. ಇನ್ನು ಕೆಲವರು ಹಳೆಯ ಚೀಟಿ ತೋರಿಸಿ ಸ್ಟಿರಾಯ್ಡ್ ಗುಳಿಗೆಯನ್ನೇ ತಿಂಗಳುಗಟ್ಟಲೆ ನುಂಗುತ್ತಾರೆ. ಎಲುಬು ಸವೆಯುವುದು, ಸಕ್ಕರೆ ಕಾಯಿಲೆ ಬರುವುದು ಅದರಿಂದಲೇ. ಅದನ್ನು ತಟ್ಟನೆ ನಿಲ್ಲಿಸುವುದೂ ಅಪಾಯ. ಮೈಕೈ ನೋವಿನ ಗುಳಿಗೆಗಳಲ್ಲಿ ಹಲವು ಈ ರೋಗವನ್ನು ಕೆರಳಿಸುತ್ತವೆ. ಔಷಧಿ ಅಂಗಡಿಯವರು ಈ ಮಾತು ನೆನಪಿಡಬೇಕು.

ಊಟದ ವಿಷಯದಲ್ಲಿ ಊರಿಗೊಂದು ಪಥ್ಯ. ನಿಜವೆಂದರೆ ಎಲ್ಲರಿಗೂ ಒಂದೇ ಪಥ್ಯವಿಲ್ಲ. ರೋಗ ಕೆರಳಿದಾಗ ಮೆತ್ತನೆಯ ಅನ್ನ, ಕಡಿಮೆ ನಾರಿನ ಆಹಾರ ಹಿತ. ಆರಾಮಿದ್ದಾಗ ಹೆಚ್ಚಿನವರು ಜೋಳದ ರೊಟ್ಟಿ ತಿನ್ನಬಹುದು. ಕರುಳು ಕಿರಿದಾದವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಬೇಕು. ಮದುವೆ, ಬಸುರಿ, ಬಾಣಂತನ ಯಾವುದಕ್ಕೂ ರೋಗ ಅಡ್ಡಿಯಲ್ಲ. ಬಸುರಾದಾಗ ತಾನಾಗಿ ಗುಳಿಗೆ ನಿಲ್ಲಿಸುವುದೇ ಹೆಚ್ಚು ತೊಂದರೆ.

ಖರ್ಚಿನ ಮಾತು. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸರೆ ಇದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಮನೆಯಲ್ಲಿ ದಿನಾ ನುಂಗುವ ಗುಳಿಗೆಯ ದುಡ್ಡು ಕಿಸೆಯಿಂದಲೇ ಹೋಗಬೇಕು. ಮಗ್ಗದ ಮುಂದೆ ಕೂತ ನೇಕಾರ ದಿನಕ್ಕೆ ಹತ್ತು ಸಲ ಎದ್ದರೆ ನೇಯ್ದ ಅರಿವೆಯೂ ಕಡಿಮೆ, ಕೂಲಿಯೂ ಕಡಿಮೆ. ಗುಳಿಗೆಗೆ ದುಡ್ಡು ಎಲ್ಲಿಂದ ತರಬೇಕು?

ಅಂಗಡಿಕಾರರ ಕೈಯಲ್ಲಿದೆ

ಅಮೆರಿಕದ ಇಲಿನಾಯ್ ರಾಜ್ಯದ ಆಲೀ ಬೇನ್ ಎಂಬ ಹುಡುಗಿಗೆ ಕ್ರೋನ್ಸ್ ಇತ್ತು. 14ನೇ ವಯಸ್ಸಿನಲ್ಲಿ ಅಂಗಡಿಯೊಂದರಲ್ಲಿ ಅವಸರವಾಗಿ ಸಂಡಾಸ ಕೇಳಿದಾಗ ಒಲ್ಲೆ ಎಂದರು. ಆಗಬಾರದ್ದು ಆಗಿಹೋಯಿತು. ತಾಯಿ ಮಗಳು ಸುಮ್ಮನಿರಲಿಲ್ಲ. 2005ರಲ್ಲಿ ಅಲ್ಲಿ ಕಾನೂನೇ ಬಂತು: ಇಂಥ ರೋಗಿ ಕೇಳಿದರೆ, ಮೂವರಾದರೂ ನೌಕರರಿರುವ ಅಂಗಡಿಯವರು ತಮ್ಮ ನೌಕರರ ಸಂಡಾಸವನ್ನು ಬಿಟ್ಟುಕೊಡಬೇಕು. ಮುಂದೆ ಬೇರೆ ರಾಜ್ಯಗಳೂ ಇದನ್ನು ಅನುಸರಿಸಿದವು.

ನಮ್ಮಲ್ಲಿ ಕಾನೂನಿನ ದಾರಿ ಕಾಯಬೇಕೇ? ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬಂದ ಪರವೂರ ಜನರಿಗೆ ಗುರುತಿಲ್ಲದಿದ್ದರೂ ನೀರು, ನೆರಳು ಕೊಡುವ ಸೀಮೆ ಇದು. ಬಸ್‌ಸ್ಟ್ಯಾಂಡಿನ ಸುತ್ತಲಿನ ಅಂಗಡಿ, ಖಾನಾವಳಿಗಳ ಹಿಂದೆ ಸಂಡಾಸ ಇದ್ದರೆ, ಹೊಟ್ಟೆ ಹಿಡಿದುಕೊಂಡು ಬಂದವರಿಗೆ ಕಾರಣ ಕೇಳದೆ ಚಾವಿ ಕೊಟ್ಟರೆ ಮಾಲಕರ ಗಂಟೇನೂ ಹೋಗುವುದಿಲ್ಲ. ‘ಸಾಹೇಬ್ರ, ಒಂದೀಟು ನಿಲ್ಲಿಸ್ರಿ’ ಎಂದವನ ಮೇಲೆ ಪ್ರಯಾಣಿಕರು ರೇಗದಿದ್ದರೆ, ಕಂಡಕ್ಟರ್ ಸೀಟಿ ಊದಿದರೆ, ಐದು ನಿಮಿಷ ತಡವಾದೀತು, ಅಷ್ಟೇ. ರೋಗಿಗಳೂ ನಾಚಿಕೆ ಬಿಟ್ಟು, ವೈದ್ಯರಿಂದ ಒಂದು ಕನ್ನಡ ಚೀಟಿ ಬರೆಸಿ ಕಿಸೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಬಸ್‌ಸ್ಟ್ಯಾಂಡಿನ ಸಂಡಾಸಕ್ಕೆ ಬೆಳಗಿನ ಮೊದಲ ಬಸ್ಸಿನಿಂದ ರಾತ್ರಿಯ ಕೊನೆಯ ಬಸ್ಸಿನವರೆಗೆ ನೀರು, ದೀಪ, ಒಳಗಿನ ಚಿಲಕ ಇರುವಂತೆ ನೋಡಿಕೊಳ್ಳುವುದು ಸಾರಿಗೆ ಸಂಸ್ಥೆಯ ಹೊಣೆ. ಪೇಟೆಯ ಸಾರ್ವಜನಿಕ ಸಂಡಾಸಗಳದ್ದು ಪುರಸಭೆಯ ಹೊಣೆ. ಇದು ಚೊಕ್ಕಟದ ಮಾತಷ್ಟೇ ಅಲ್ಲ, ಔಷಧೋಪಚಾರದ ಭಾಗವೂ ಹೌದು. ಆಸ್ಪತ್ರೆ ಎಷ್ಟೇ ದೊಡ್ಡದಿದ್ದರೂ ರೋಗಿ ಅಲ್ಲಿಗೆ ಮುಟ್ಟಬೇಕಲ್ಲ! ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?