ನಾಲ್ಕು ಬದಿಯ ಅಳತೆ ಸಾಲದು

ಊರು ಬೆಳೆಯುತ್ತಿರುವ ಕಡೆಯಲ್ಲೆಲ್ಲ ಕೇಳಿಬರುವ ಮಾತು ‘ಮೂವತ್ತು–ನಲವತ್ತರ ಸೈಟು’. ಅಗಲ 30 ಅಡಿ, ಉದ್ದ 40 ಅಡಿ. ಗುಣಿಸಿದರೆ 1,200 ಚದರ ಅಡಿ. ಕೊಳ್ಳುವವರು ಟೇಪು ಹಿಡಿದು ನಾಲ್ಕೂ ಬದಿ ಅಳೆದು, ಕ್ರಯಪತ್ರಕ್ಕೆ ತಾಳೆಯಾಯಿತೆಂದು ನೆಮ್ಮದಿಯಿಂದ ಹಿಂತಿರುಗುತ್ತಾರೆ. ಆದರೆ ನಾಲ್ಕು ಬದಿ ಸರಿಯಿದ್ದ ಮಾತ್ರಕ್ಕೆ ಅಲ್ಲಿ 1,200 ಚದರ ಅಡಿ ನೆಲ ಇದೆಯೆಂದು ಹೇಳಲಾಗದು.

ಬೆಂಕಿಪೊಟ್ಟಣದ ಹೊರಕವಚವನ್ನು ಬೆರಳಿನಿಂದ ಓರೆಯಾಗಿ ಒತ್ತಿ ನೋಡಿದರೆ ಇದರ ಗುಟ್ಟು ತಿಳಿಯುತ್ತದೆ. ನಾಲ್ಕು ಬದಿಗಳ ಉದ್ದ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಒಳಗಿನ ಜಾಗ ಮಾತ್ರ ಕಡಿಮೆಯಾಗುತ್ತ ಹೋಗಿ, ಕೊನೆಗೆ ಪೊಟ್ಟಣ ಚಪ್ಪಟೆಯಾಗುತ್ತದೆ. ನಿವೇಶನಕ್ಕೂ ಇದೇ ನಿಯಮ. 30 ಅಡಿಯ ಬದಿಗಳು ವಾಲಿಕೊಂಡು, 40 ಅಡಿಯ ಎರಡು ಬದಿಗಳ ನಡುವಿನ ನೇರ ಅಂತರ 28 ಅಡಿಗೆ ಇಳಿದರೆ ವಿಸ್ತೀರ್ಣ 1,120 ಚದರ ಅಡಿ ಮಾತ್ರ. ಒಂದು ಸಣ್ಣ ಕೋಣೆಯಷ್ಟು ನೆಲ, ಅಂದರೆ 80 ಚದರ ಅಡಿ, ಕಾಗದದಲ್ಲಿ ಉಂಟು, ನೆಲದ ಮೇಲೆ ಇಲ್ಲ.

ಉದ್ದವನ್ನು ಅಗಲದಿಂದ ಗುಣಿಸುವ ಸೂತ್ರ ನಿಂತಿರುವುದು ಮೂಲೆಗಳ ಮೇಲೆ. ಮೂಲೆ ಲಂಬಕೋನವಾಗಿದ್ದರೆ ಮಾತ್ರ ಸೂತ್ರ ನಿಜ. ಅದನ್ನು ಪರೀಕ್ಷಿಸಲು ಐದನೆಯ ಅಳತೆಯೊಂದು ಬೇಕು. ಅದೇ ಕರ್ಣ, ಅಂದರೆ ಮೂಲೆಯಿಂದ ಎದುರು ಮೂಲೆಗೆ ಇರುವ ದೂರ. 30ರ ವರ್ಗ 900, 40ರ ವರ್ಗ 1,600, ಕೂಡಿದರೆ 2,500. ಇದು 50ರ ವರ್ಗ. ಹೀಗಾಗಿ ನಿಜವಾದ ಮೂವತ್ತು–ನಲವತ್ತರ ನಿವೇಶನದ ಎರಡು ಕರ್ಣಗಳೂ ಸರಿಯಾಗಿ 50 ಅಡಿ ಇರಬೇಕು. ಮೇಲೆ ಹೇಳಿದ ವಾಲಿದ ನಿವೇಶನದಲ್ಲಾದರೋ ಒಂದು ಕರ್ಣ ಸುಮಾರು 58 ಅಡಿ, ಇನ್ನೊಂದು ಸುಮಾರು ನಲವತ್ತೂವರೆ ಅಡಿ. ಪಾಯ ಹಾಕುವ ಮುನ್ನ ದಾರ ಕಟ್ಟಿ 3, 4, 5 ಅಡಿಗಳ ಲೆಕ್ಕದಲ್ಲಿ ಮೂಲೆ ಹಿಡಿಯುವ ಮೇಸ್ತ್ರಿ ಮಾಡುವುದೂ ಇದನ್ನೇ.

ಈ ತೊಡಕು ಹಳೆಯದು. ಕ್ರಿ.ಪೂ. 237ರಲ್ಲಿ ಕಟ್ಟಲು ಆರಂಭವಾದ ಈಜಿಪ್ಟಿನ ಎಡ್ಫು ದೇವಾಲಯದ ಶಾಸನಗಳಲ್ಲಿ ಹೊಲಗಳ ವಿಸ್ತೀರ್ಣವನ್ನು ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸಿ ಹೇಳಲಾಗಿದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಇದನ್ನು ಸ್ಥೂಲಫಲವೆಂದು ಕರೆದು, ಸೂಕ್ಷ್ಮಫಲಕ್ಕೆ ಬೇರೆ ಸೂತ್ರ ಕೊಟ್ಟನು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನೂ ‘ಗಣಿತಸಾರಸಂಗ್ರಹ’ದಲ್ಲಿ ವ್ಯಾವಹಾರಿಕ ಲೆಕ್ಕ ಬೇರೆ, ಸೂಕ್ಷ್ಮ ಲೆಕ್ಕ ಬೇರೆ ಎಂದು ವಿಂಗಡಿಸಿದ್ದಾನೆ. 12ನೆಯ ಶತಮಾನದ ರಾಜಾದಿತ್ಯ ‘ಕ್ಷೇತ್ರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು.

ಸರಾಸರಿಯ ಲೆಕ್ಕದಲ್ಲಿ ಒಂದು ವಿಶೇಷವಿದೆ. ಅದು ಆಯತಕ್ಕೆ ಸರಿಯಾದ ಉತ್ತರ ಕೊಡುತ್ತದೆ. ಉಳಿದ ಚತುರ್ಭುಜಗಳಿಗೆ ಯಾವಾಗಲೂ ಹೆಚ್ಚೇ ತೋರಿಸುತ್ತದೆ, ಕಡಿಮೆ ಎಂದೂ ಇಲ್ಲ. ವಿಸ್ತೀರ್ಣದ ಮೇಲೆ ಕಂದಾಯ ಕಟ್ಟುವ ರೈತನಿಗೂ ಹಣ ತೆತ್ತು ಭೂಮಿ ಕೊಳ್ಳುವವನಿಗೂ ಇದರಿಂದ ನಷ್ಟ. ಲಾಭವೆಲ್ಲ ವಸೂಲು ಮಾಡುವವನಿಗೆ, ಮಾರುವವನಿಗೆ.

ಒಂದು ಉದಾಹರಣೆ ನೋಡಬಹುದು. ಹೊಲವೊಂದರ ಬದಿಗಳು ಸುತ್ತುವ ಕ್ರಮದಲ್ಲಿ 306, 156, 130, 305 ಅಡಿ ಎನ್ನೋಣ. ಸರಾಸರಿಯ ಲೆಕ್ಕದಲ್ಲಿ ಇದು ಸುಮಾರು 50,250 ಚದರ ಅಡಿ. 33 ಅಡಿ ಚೌಕವೇ, ಅಂದರೆ 1,089 ಚದರ ಅಡಿಯೇ, ಒಂದು ಗುಂಟೆಯಾದ್ದರಿಂದ ಇದು 46 ಗುಂಟೆಗೂ ಮಿಗಿಲು. ಈಗ ಹೊಲವನ್ನು ಎರಡು ತ್ರಿಕೋನಗಳಾಗಿ ಸೀಳುವಂತೆ ಕರ್ಣ ಎಳೆಯೋಣ. ಅದರ ಉದ್ದ 330 ಅಡಿ. ಉಳಿದೆರಡು ಮೂಲೆಗಳಿಂದ ಅದಕ್ಕೆ ಇರುವ ನೇರ ದೂರ 144 ಮತ್ತು 120 ಅಡಿ. ಈ ದೂರಗಳ ಮೊತ್ತ 264, ಅದರ ಅರ್ಧ 132. 330ರಿಂದ ಗುಣಿಸಿದರೆ 43,560 ಚದರ ಅಡಿ. ಇದು 40 ಗುಂಟೆ, ಸರಿಯಾಗಿ ಒಂದು ಎಕರೆ. ಉಳಿದ ಆರು ಗುಂಟೆ ಲೆಕ್ಕದ ಸೃಷ್ಟಿ!

ಅಣ್ಣತಮ್ಮಂದಿರ ಪಾಲಿನಲ್ಲಾಗಲಿ, ನಿವೇಶನದ ವ್ಯವಹಾರದಲ್ಲಾಗಲಿ, ಟೇಪನ್ನು ಸುತ್ತಿಡುವ ಮುನ್ನ ಮೂಲೆಯಿಂದ ಮೂಲೆಗೆ ಒಮ್ಮೆ ಎಳೆದು ನೋಡುವುದು ಒಳಿತು. ಅದಕ್ಕೆ ಬೇಕಾಗುವುದು ಎರಡು ನಿಮಿಷ ಮತ್ತು ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬ ಜೊತೆಗಾರ.