ನಾಯಿಗಳಲ್ಲಿ ಕರುಳಿನ ಕ್ಯಾನ್ಸರ್

ನಾಯಿಗಳಲ್ಲಿ ಕರುಳಿನ ಕ್ಯಾನ್ಸರ್ ಎಂಬುದು ಸಣ್ಣ ಕರುಳು, ದೊಡ್ಡ ಕರುಳು ಅಥವಾ ಗುದನಾಳದ ಗೋಡೆಯಲ್ಲಿ ಬೆಳೆಯುವ ಮಾರಕ ಗೆಡ್ಡೆಗಳ ಗುಂಪು. ಚರ್ಮ ಮತ್ತು ಸ್ತನದ ಗೆಡ್ಡೆಗಳಿಗೆ ಹೋಲಿಸಿದರೆ ಇದು ವಿರಳ. ಹೆಚ್ಚಾಗಿ ಮಧ್ಯವಯಸ್ಸು ಮೀರಿದ ನಾಯಿಗಳಲ್ಲಿ ಕಂಡುಬರುತ್ತದೆ.

ವಿಧಗಳು
ಲಿಂಫೋಮಾ ಮತ್ತು ಅಡಿನೋಕಾರ್ಸಿನೋಮಾ ಪ್ರಮುಖ ವಿಧಗಳು. ಲಿಂಫೋಮಾ ಬಿಳಿ ರಕ್ತಕಣಗಳಿಂದ ಹುಟ್ಟಿ ಹಲವೆಡೆ ವ್ಯಾಪಿಸಬಹುದು. ಅಡಿನೋಕಾರ್ಸಿನೋಮಾ ಒಳಪದರದ ಗ್ರಂಥಿಗಳಲ್ಲಿ ಹುಟ್ಟಿ, ಕೆಲವೊಮ್ಮೆ ಉಂಗುರದಂತೆ ಕರುಳನ್ನು ಸುತ್ತುವರಿದು ಮಾರ್ಗವನ್ನು ಕಿರಿದಾಗಿಸುತ್ತದೆ. ಸ್ನಾಯುಪದರದಿಂದ ಲಿಯೋಮಯೋಸಾರ್ಕೋಮಾ ಬೆಳೆಯುತ್ತದೆ.

ಲಕ್ಷಣಗಳು
ವಾಂತಿ, ಭೇದಿ, ಹಸಿವಿಲ್ಲದಿರುವುದು, ತೂಕ ಇಳಿಕೆ, ಕಪ್ಪು ಮಲ ಮತ್ತು ರಕ್ತಹೀನತೆ ಮುಖ್ಯ ಲಕ್ಷಣಗಳು. ಇವು ಸಾಮಾನ್ಯ ಕಾಯಿಲೆಗಳಲ್ಲೂ ಇರುವುದರಿಂದ ರೋಗವು ತಡವಾಗಿ ಪತ್ತೆಯಾಗುತ್ತದೆ. ಮಂಗಳೂರಿನಂತಹ ಬಿಸಿ ಮತ್ತು ತೇವದ ಕರಾವಳಿ ಪ್ರದೇಶದ ಮಣ್ಣು ಕೊಕ್ಕೆಹುಳುವಿನ ಮರಿಗಳಿಗೆ ಅನುಕೂಲಕರ. ಆ ಹುಳುವಿನಿಂದಲೂ ರಕ್ತಹೀನತೆ ಮತ್ತು ಕಪ್ಪು ಮಲ ಉಂಟಾಗುತ್ತವೆ. ನುಂಗಿದ ಮೂಳೆ ಕರುಳಿನಲ್ಲಿ ಸಿಕ್ಕಿಕೊಂಡರೂ ವಾಂತಿಯಾಗುತ್ತದೆ. ಜಂತುಹುಳುವಿನ ಔಷಧ ನೀಡಿದ ಬಳಿಕವೂ ವಯಸ್ಸಾದ ನಾಯಿಯಲ್ಲಿ ಈ ಲಕ್ಷಣಗಳು ಮರುಕಳಿಸಿದರೆ ಹೊಟ್ಟೆಯ ವಿವರವಾದ ಪರೀಕ್ಷೆ ಅಗತ್ಯ.

ರೋಗನಿರ್ಣಯ
ಪಶುವೈದ್ಯರು ಮೊದಲು ಹೊಟ್ಟೆಯನ್ನು ಕೈಯಿಂದ ಒತ್ತಿ ಗಂಟಿದೆಯೇ ಎಂದು ನೋಡುತ್ತಾರೆ. ಗಂಟು ಕೈಗೆ ಸಿಗದಿದ್ದ ಮಾತ್ರಕ್ಕೆ ಗೆಡ್ಡೆ ಇಲ್ಲವೆಂದು ಹೇಳಲಾಗದು. ರಕ್ತ ಮತ್ತು ಮಲದ ಪರೀಕ್ಷೆಯ ನಂತರ ಅಲ್ಟ್ರಾಸೌಂಡ್ ಮಾಡಲಾಗುತ್ತದೆ. ಆರೋಗ್ಯವಂತ ಕರುಳಿನ ಗೋಡೆಯಲ್ಲಿ ಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಗೋಡೆ ದಪ್ಪವಾಗಿ ಪದರಗಳು ಅಳಿಸಿಹೋಗಿದ್ದರೆ ಗೆಡ್ಡೆಯ ಶಂಕೆ ಬಲಗೊಳ್ಳುತ್ತದೆ. ಶ್ವಾಸಕೋಶಕ್ಕೆ ಹರಡಿದೆಯೇ ಎಂದು ತಿಳಿಯಲು ಎದೆಯ ಎಕ್ಸ್-ರೇ ತೆಗೆಯಲಾಗುತ್ತದೆ. ಗೆಡ್ಡೆಯ ವಿಧ ಸಾಮಾನ್ಯವಾಗಿ ಬಯಾಪ್ಸಿಯಿಂದ ಖಚಿತವಾಗುತ್ತದೆ.

ಶಸ್ತ್ರಚಿಕಿತ್ಸೆ
ಒಂದೇ ಸ್ಥಳದಲ್ಲಿರುವ ಅಡಿನೋಕಾರ್ಸಿನೋಮಾಕ್ಕೆ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ಅರಿವಳಿಕೆ ನೀಡಿ, ಹೊಟ್ಟೆಯ ಮಧ್ಯರೇಖೆಯಲ್ಲಿ ಕೊಯ್ದು, ಗೆಡ್ಡೆಯನ್ನು ಎರಡೂ ಬದಿಯ ಸುಮಾರು 4ರಿಂದ 8 ಸೆಂ.ಮೀ. ಆರೋಗ್ಯವಂತ ಕರುಳಿನೊಂದಿಗೆ ತೆಗೆದು, ಉಳಿದ ತುದಿಗಳನ್ನು ಹೊಲಿದು ಜೋಡಿಸಲಾಗುತ್ತದೆ. ಸಮೀಪದ ದುಗ್ಧರಸ ಗ್ರಂಥಿ ಮತ್ತು ಯಕೃತ್ತನ್ನು ಪರಿಶೀಲಿಸಿ ಮಾದರಿ ಪಡೆಯಲಾಗುತ್ತದೆ. ಹೊಲಿಗೆ ಬಿಟ್ಟು ಕರುಳಿನ ದ್ರವ ಸೋರುವುದು ಅತಿ ಗಂಭೀರ ತೊಡಕು. ಇದರ ಅಪಾಯ 3ರಿಂದ 5ನೇ ದಿನದ ನಡುವೆ ಹೆಚ್ಚು. ಆ ದಿನಗಳಲ್ಲಿ ಜ್ವರ, ವಾಂತಿ ಅಥವಾ ಹೊಟ್ಟೆನೋವು ಕಂಡರೆ ತಕ್ಷಣ ವೈದ್ಯರಿಗೆ ತೋರಿಸಬೇಕು. ವ್ಯಾಪಿಸಿದ ಲಿಂಫೋಮಾಕ್ಕೆ ಕಿಮೋಥೆರಪಿ ನೀಡಲಾಗುತ್ತದೆ. ಕರುಳು ಕಟ್ಟಿದಾಗ ಅಥವಾ ರಂಧ್ರವಾದಾಗ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಫಲಿತಾಂಶ
ಸಣ್ಣ ಕರುಳಿನ ಅಡಿನೋಕಾರ್ಸಿನೋಮಾಕ್ಕೆ ಶಸ್ತ್ರಚಿಕಿತ್ಸೆ ಪಡೆದ ನಾಯಿಗಳ ಒಂದು ಅಧ್ಯಯನದಲ್ಲಿ, ಗ್ರಂಥಿಗಳಿಗೆ ರೋಗ ಹರಡದಿದ್ದವು ಸರಾಸರಿ ಸುಮಾರು 15 ತಿಂಗಳು, ಹರಡಿದ್ದವು ಸುಮಾರು 3 ತಿಂಗಳು ಬದುಕಿದವು. ಬೇಗ ಪತ್ತೆಹಚ್ಚುವುದರ ಮಹತ್ವ ಇದರಿಂದ ತಿಳಿಯುತ್ತದೆ.

ಕರ್ನಾಟಕದಲ್ಲಿ
ರಾಜ್ಯದಲ್ಲಿ ಪಶುವೈದ್ಯಕೀಯ ಶಿಕ್ಷಣವು ಬೀದರ್‌ನಲ್ಲಿ ಕೇಂದ್ರ ಕಚೇರಿಯುಳ್ಳ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. 1969ರಲ್ಲಿ ಸ್ಥಾಪನೆಯಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಇದರ ಅಂಗವಾಗಿದೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ ಮತ್ತು ಶಿವಮೊಗ್ಗಗಳಲ್ಲಿ ಇದರ ಪಶುವೈದ್ಯಕೀಯ ಕಾಲೇಜುಗಳಿವೆ.